ಲಿನಕ್ಸ್ ಮಿಂಟ್ ಒಳಗೊಂದು ಹಳೇ ವಿಂಡೋಸ್: ವರ್ಚುವಲ್‌ಬಾಕ್ಸ್ ಜೊತೆ ಎರಡು ಲಗ್ನದ ಸೀಸನ್

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಕರಪತ್ರ ಇಷ್ಟೇ ಕೆಲಸ. ಹದಿನೈದು ವರ್ಷದ ಫೈಲುಗಳೆಲ್ಲ ಪೇಜ್‌ಮೇಕರ್ ಎಂಬ ಪುಟ ಕಟ್ಟುವ ಸಾಫ್ಟ್‌ವೇರಿನಲ್ಲಿ, ಹಳೇ ನುಡಿ ಫಾಂಟಿನಲ್ಲಿ ಇವೆ. ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ!

ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಸಪೋರ್ಟ್ ನಿಂತಿತ್ತು. ಆದರೂ ಅದರಲ್ಲೇ ದೂಡುತ್ತಿದ್ದೆ. ಗಿರಾಕಿಯ ಪೆನ್‌ಡ್ರೈವಿನಿಂದ ವೈರಸ್ ಬಂದು ಒಂದು ವಾರದ ಕೆಲಸ ಹೋಯಿತು ನೋಡಿ, ಆಗ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ 22 ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಸಿದೆ. ವಿಂಡೋಸ್ 7 ಅನ್ನು ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಒಳಗೆ ಕೂರಿಸಿದೆ. ಪೆನ್‌ಡ್ರೈವ್ ಈಗ ಮಿಂಟ್‌ನಲ್ಲಿ ಮಾತ್ರ ತೆರೆಯುತ್ತೇನೆ. ಒಳಗಿನ ವಿಂಡೋಸಿಗೆ ಇಂಟರ್ನೆಟ್ ಇಲ್ಲವೇ ಇಲ್ಲ, ನೆಟ್‌ವರ್ಕ್ ಅಡಾಪ್ಟರನ್ನೇ ತೆಗೆದಿದ್ದೇನೆ. ಆದರೂ ಎರಡೂ ಕಡೆ ಕಾಣುವ ಶೇರ್ಡ್ ಫೋಲ್ಡರ್ ಓಡುತ್ತದೆ, ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಇದೊಂದು ಗೊತ್ತಾದಾಗ ನನಗೆ ಬಹಳ ಖುಷಿಯಾಯಿತು.

ವರ್ಚುವಲ್‌ಬಾಕ್ಸ್ ಹಾಕುವುದು ಸುಲಭ, ಆದರೆ ಮೊದಲ ದಿನ ನಾನೇ ಎಡವಿದೆ. ಸೆಕ್ಯೂರ್ ಬೂಟ್ (ಒಪ್ಪಿಗೆ ಇಲ್ಲದ ಡ್ರೈವರ್‌ಗಳನ್ನು ತಡೆಯುವ ರಕ್ಷಣೆ) ಆನ್ ಇದ್ದರೆ ಇನ್‌ಸ್ಟಾಲ್ ಆಗುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬರುತ್ತದೆ. ಅಲ್ಲಿ 'ಎನ್‌ರೋಲ್ ಮಾಕ್' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ನಾನು ಸುಮ್ನೆ 'ಕಂಟಿನ್ಯೂ' ಒತ್ತಿದೆ. ಆಮೇಲೆ ಒಳಗಿನ ವಿಂಡೋಸ್ ಶುರುವಾಗಲೇ ಇಲ್ಲ. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಬಂದವನೇ, "ಅಂಕಲ್, ನೀಲಿ ಸ್ಕ್ರೀನ್‌ನಲ್ಲಿ ಏನು ಒತ್ತಿದ್ರಿ?" ಎಂದ. ನಾನು ಮಾತಾಡಲಿಲ್ಲ. ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ಸ್) ವರ್ಚುವಲೈಸೇಶನ್ ಆನ್ ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ. ವರ್ಚುವಲ್‌ಬಾಕ್ಸ್ 6.1ರಿಂದ ಈಚೆಗೆ ಅದಿಲ್ಲದೆ ಓಡುವುದಿಲ್ಲ.

ಒಳಗಿನ ವಿಂಡೋಸಿಗೆ ಗೆಸ್ಟ್ ಅಡಿಶನ್ಸ್ (ವರ್ಚುವಲ್‌ಬಾಕ್ಸಿನದೇ ಡ್ರೈವರ್‌ಗಳು) ಹಾಕುವ ತನಕ ಮೌಸ್ ಒಳಗೆ ಸಿಕ್ಕಿಕೊಂಡರೆ ಹೊರಗೆ ಬರುವುದಿಲ್ಲ. ಬಲಗಡೆಯ ಕಂಟ್ರೋಲ್ ಒತ್ತಿ, ಬಿಡುತ್ತದೆ.

ನನ್ನ ಹಳೇ ಲೇಸರ್ ಪ್ರಿಂಟರಿಗೆ ಲಿನಕ್ಸ್ ಡ್ರೈವರ್ ಇಲ್ಲ. ಯುಎಸ್‌ಬಿ ಮೂಲಕ ವಿಂಡೋಸಿಗೇ ಕೊಟ್ಟೆ. ಅದಕ್ಕೆ ನಮ್ಮ ಯೂಸರನ್ನು 'ವಿಬಾಕ್ಸ್‌ಯೂಸರ್ಸ್' ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಯುಎಸ್‌ಬಿ 2.0 ಎಂದೇ ಆರಿಸಿ, ವಿಂಡೋಸ್ 7ರಲ್ಲಿ 3.0ದ ಡ್ರೈವರ್ ಇರುವುದಿಲ್ಲ. ಮೊದಲು 2.0ಕ್ಕೂ ಎಕ್ಸ್‌ಟೆನ್ಶನ್ ಪ್ಯಾಕ್ ಎಂಬ ಹೆಚ್ಚುವರಿ ತುಣುಕು ಬೇಕಿತ್ತು. ವರ್ಚುವಲ್‌ಬಾಕ್ಸ್ 7.0ರಿಂದ ಬೇಡ. ಅಂಗಡಿಯವರಿಗೆ ಇದು ಮುಖ್ಯ, ಏಕೆಂದರೆ ಆ ಪ್ಯಾಕ್ ಸ್ವಂತ ಬಳಕೆಗೆ, ಕಲಿಕೆಗೆ ಪುಕ್ಕಟೆ, ವ್ಯಾಪಾರಕ್ಕೆ ದುಡ್ಡು ಕೊಡಬೇಕು. ವಿಂಡೋಸ್ ಲೈಸೆನ್ಸಂತೂ ಬೇರೆಯೇ ಬೇಕು.

ನನಗೆ ತುಂಬಾ ಹಿಡಿಸಿದ್ದು ವರ್ಚುವಲ್‌ಬಾಕ್ಸಿನ 'ಸೇವ್ ಸ್ಟೇಟ್'. ಕರೆಂಟ್ ಹೋದರೆ ನನ್ನ ಯುಪಿಎಸ್ ಹತ್ತು ನಿಮಿಷ ತಡೆಯುತ್ತದೆ. ಪೇಜ್‌ಮೇಕರ್ ತೆರೆದದ್ದು ತೆರೆದ ಹಾಗೇ ಇಟ್ಟು ಸೇವ್ ಸ್ಟೇಟ್ ಒತ್ತುತ್ತೇನೆ. ಕರೆಂಟ್ ಬಂದ ಮೇಲೆ ಕರ್ಸರ್ 'ತಮ್ಮ ಆಗಮನಾಭಿಲಾಷಿಗಳು' ಎಂಬಲ್ಲೇ ಮಿನುಗುತ್ತಿರುತ್ತದೆ. ಮೊದಲೆಲ್ಲ ಹೀಗಾದರೆ ಅರ್ಧ ಕಾರ್ಡು ಮತ್ತೆ ಕೂರಿಸಬೇಕಿತ್ತು.

ಸ್ನ್ಯಾಪ್‌ಶಾಟ್ (ಬೇಕೆಂದಾಗ ಹಿಂದಿರುಗಲು ಉಳಿಸಿಟ್ಟ ಸ್ಥಿತಿ) ಕೂಡ ಒಳ್ಳೆಯದೇ, ಆದರೆ ಅದರ ಹುಚ್ಚು ಹಿಡಿಸಿಕೊಳ್ಳಬೇಡಿ. ಹನ್ನೊಂದು ಸ್ನ್ಯಾಪ್‌ಶಾಟ್ ಇಟ್ಟು ನನ್ನ 240 ಜಿಬಿ ಎಸ್‌ಎಸ್‌ಡಿ ತುಂಬಿಸಿಕೊಂಡಿದ್ದೆ. ವಿಂಡೋಸ್ ಒಳಗೆ ಫೈಲ್ ಅಳಿಸಿದರೂ ಹೊರಗೆ ಅದರ ಡಿಸ್ಕ್ ಆಗಿರುವ ವಿಡಿಐ ಫೈಲ್ ತಾನಾಗಿ ಸಣ್ಣಗಾಗುವುದಿಲ್ಲ. ಈಗ ಎರಡೇ ಇಡುತ್ತೇನೆ.

ವೇಗ ಪರವಾಗಿಲ್ಲ. ಒಟ್ಟು 8 ಜಿಬಿ ರ‍್ಯಾಮ್‌ನಲ್ಲಿ 2 ಜಿಬಿ ಒಳಗೆ ಕೊಟ್ಟಿದ್ದೇನೆ, ಪೇಜ್‌ಮೇಕರಿಗೆ ಅದೇ ಜಾಸ್ತಿ. ಗೇಮ್ ಆಡುವವರಿಗೆ ಇದು ಆಗಿ ಬರುವುದಿಲ್ಲ. ಆ ಹುಡುಗ ಇಂಥದ್ದೇ ಕೆಲಸ ಮಾಡುವ ಕೆವಿಎಂ ಹಾಕಿ ಅಂತ ಗಂಟುಬಿದ್ದಿದ್ದ. 2007ರಿಂದಲೂ ಅದು ಲಿನಕ್ಸಿನ ತಿರುಳಾದ ಕರ್ನಲ್ ಒಳಗೇ ಇದೆ, ವರ್ಚುವಲ್‌ಬಾಕ್ಸಿನ ಹಾಗೆ ಕರ್ನಲಿಗೆ ಬೇರೆ ಮಾಡ್ಯೂಲ್ (ಡ್ರೈವರ್ ತುಣುಕು) ಸೇರಿಸುವ ತಲೆನೋವಿಲ್ಲ. ಆದರೆ ಚೆನ್ನಾಗಿ ಓಡಬೇಕಾದರೆ ವಿಂಡೋಸಿಗೆ ಅದರ ಡ್ರೈವರ್‌ಗಳನ್ನು ಬೇರೆ ಹಾಕಬೇಕು. ಅಷ್ಟು ತಾಳ್ಮೆ ನನಗಿಲ್ಲ. ಎರಡನ್ನೂ ಒಟ್ಟಿಗೆ ಓಡಿಸಲು ಹೋದರೆ ಜಗಳ ಬೇರೆ. 6.12 ಕರ್ನಲ್‌ನಲ್ಲಿ ಕೆವಿಎಂ ಲೋಡ್ ಆದೊಡನೆ ಪ್ರೊಸೆಸರಿನ ವಿಟಿ-ಎಕ್ಸ್ (ಆಗಲೇ ಹೇಳಿದ ವರ್ಚುವಲೈಸೇಶನ್ ಸೌಲಭ್ಯ) ಹಿಡಿದುಕೊಂಡು ಕೂರುತ್ತದೆ, ವರ್ಚುವಲ್‌ಬಾಕ್ಸಿಗೆ ಸಿಗುವುದಿಲ್ಲ.

ವರ್ಚುವಲ್‌ಬಾಕ್ಸಿಗೆ ಒಂದು ನಕ್ಷತ್ರ ಕಡಿಮೆ ಕೊಡುತ್ತಿರುವುದು ಅದರ ಆ ಮಾಡ್ಯೂಲಿನ ಕಾರಣಕ್ಕೆ. ಕರ್ನಲ್ ಬದಲಾದಾಗಲೆಲ್ಲ ಅದು ಹೊಸದಾಗಿ ಕಟ್ಟಿಕೊಳ್ಳಬೇಕು. ಕಟ್ಟಲು ಆ ಕರ್ನಲಿನ ಹೆಡರ್ಸ್ ಪ್ಯಾಕೇಜ್ (ಅದಕ್ಕೆ ಬೇಕಾದ ಫೈಲುಗಳ ಕಟ್ಟು) ಇರಬೇಕು. ಒಮ್ಮೆ ಕೈಯಾರೆ ಹೊಸ ಕರ್ನಲ್ ಹಾಕಿ ಹೆಡರ್ಸ್ ಮರೆತೆ. ಬೆಳಗ್ಗೆ ಅಂಗಡಿ ತೆಗೆದರೆ 'ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್', ಜೊತೆಗೆ -1908 ಎಂಬ ನಂಬರು. ಎದುರಿಗೆ ಹುಡುಗಿಯ ಅಪ್ಪ, "ಪ್ರೂಫ್ ಆಯ್ತಾ ಸ್ವಾಮಿ?" ಎನ್ನುತ್ತಾ ಕೂತಿದ್ದಾರೆ. ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನ 'ಅಡ್ವಾನ್ಸ್ಡ್ ಆಪ್ಶನ್ಸ್'ಗೆ ಹೋಗಿ ಹಿಂದಿನ ಕರ್ನಲ್ ಆರಿಸಿದೆ. ಐದು ನಿಮಿಷದಲ್ಲಿ ಪ್ರೂಫ್ ಕೈಗೆ ಕೊಟ್ಟೆ. ಹೆಡರ್ಸ್ ಹಾಕಿದ್ದು ರಾತ್ರಿ.

ಅಂದಿನಿಂದ ಉಳಿದ ಅಪ್‌ಡೇಟ್‌ಗಳನ್ನು ಬಂದ ಹಾಗೆ ಹಾಕುತ್ತೇನೆ. ಕರ್ನಲ್ ಒಂದನ್ನು ಮಾತ್ರ ಮುಹೂರ್ತಗಳ ನಡುವೆ ಮುಟ್ಟುವುದಿಲ್ಲ. ಆಷಾಢ ಬರಲಿ, ಆಗ ಹಾಕೋಣ.