ಡೀಸೆಲ್ ಹೀಟರ್ ಹಾಕಿಸುವವರೇ, ಮೊದಲು ನೆಲದಡಿ ಬಗ್ಗಿ ನೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೋಂಸ್ಟೇ ನಡೆಸುವವರು, ಮರದ ಕ್ಯಾಬಿನ್ ಕಟ್ಟಿಸುತ್ತಿರುವವರು, ವ್ಯಾನ್ ಒಳಗೆ ಮಲಗೋಕೆ ಜಾಗ ಮಾಡಿಸಿಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಶಿವಮೊಗ್ಗದಿಂದ ಬಂದು ಡೀಸೆಲ್ ಹೀಟರ್ ಕೂರಿಸಿ ಹೋಗುವ ಒಬ್ಬ ವ್ಯಾಪಾರಿ ಇದ್ದಾನೆ. ಹೆಸರು ಹಾಕುವುದಿಲ್ಲ, ದೂರು ಕೊಟ್ಟಿದ್ದೇನೆ, ಅದು ಅದರ ದಾರಿಯಲ್ಲಿ ನಡೆಯಲಿ. ಆದರೆ ಅವನು ಮಾಡಿದ ಕೆಲಸ ಎಂಥದ್ದು ಅಂತ ಹೇಳದೆ ಸುಮ್ಮನಿರೋಕೆ ನನ್ನಿಂದ ಆಗುತ್ತಿಲ್ಲ. ನಮ್ಮ ಕ್ಯಾಬಿನ್‌ನಲ್ಲಿ ಮಲಗಿದ್ದ ಒಂದು ಸಂಸಾರ ರಾತ್ರಿಯಿಡೀ ವಿಷದ ಗಾಳಿ ಕುಡಿದಿದೆ. ಜೊತೆಗೆ ಚಿಕ್ಕ ಮಗು ಬೇರೆ. ಬೆಳಿಗ್ಗೆ ಎದ್ದರಲ್ಲ, ಅದೇ ದೊಡ್ಡದು.

ನಮ್ಮದು ಲಿಂಗನಮಕ್ಕಿ ಹಿನ್ನೀರಿನ ಹತ್ತಿರದ ತೋಟ. 2025ರಲ್ಲಿ ಸಿಗಂದೂರಿನ ಸೇತುವೆ ಶುರುವಾದ ಮೇಲೆ ಈ ಕಡೆ ಜನರ ಓಡಾಟ ಜಾಸ್ತಿ, ಮಳೆಗಾಲದಲ್ಲೂ ಬರುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ಹೇಗಿರುತ್ತೆ ಅಂತ ಗೊತ್ತಲ್ವಾ? ಹಾಸಿಗೆ ಮುಟ್ಟಿದರೆ ಒದ್ದೆ ಅನಿಸುತ್ತೆ, ಗೋಡೆಯ ಹಲಗೆಗೆಲ್ಲ ಬೂಷ್ಟು. ನಾವಾದರೆ ಬಚ್ಚಲೊಲೆ ಮುಂದೆ ಕೂತು ಮೈ ಕಾಯಿಸಿಕೊಳ್ಳುತ್ತೇವೆ. ಬಂದ ನೆಂಟರಿಗೆ, ದುಡ್ಡು ಕೊಟ್ಟು ಉಳಿಯುವವರಿಗೆ, ಅದನ್ನೇ ಮಾಡಿ ಅನ್ನೋಕಾಗುತ್ತಾ? ಕರೆಂಟಿನ ಹೀಟರ್ ಇಟ್ಟರೆ ಮಳೆಗಾಲದಲ್ಲಿ ಕರೆಂಟ್ ಇರಬೇಕಲ್ಲ. ಗ್ಯಾಸ್ ಹೀಟರ್ ನಾನೇ ಬೇಡ ಅಂದೆ. ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರಿನಲ್ಲಿ 1 ಕೆ.ಜಿ. ಗ್ಯಾಸ್ ಉರಿದರೆ ಒಂದೂವರೆ ಲೀಟರಿನಷ್ಟು ನೀರು ಆವಿಯಾಗಿ ಕೋಣೆಯಲ್ಲೇ ಸೇರುತ್ತೆ. ಥಂಡಿ ತೆಗೆಯೋಕೆ ಹೋಗಿ ಥಂಡಿ ತುಂಬಿಸಿದ ಹಾಗೆ.

ಆಗ ಈ ಮನುಷ್ಯ ಸಿಕ್ಕಿದ. ಮೊಬೈಲಿನಲ್ಲಿ ವಿಡಿಯೋ ತೋರಿಸಿದ. "ಸಾರ್, ಫಾರಿನ್‌ನಲ್ಲಿ ಹಾಯಿದೋಣಿ ಇರುತ್ತಲ್ಲ, ಅದರ ಕ್ಯಾಬಿನ್ ಒಳಗೆ ಇದನ್ನೇ ಹಾಕೋದು. ಸಮುದ್ರದ ಚಳಿಯಲ್ಲಿ ಮಲಗುತ್ತಾರೆ ಸಾರ್ ಅವರು. ನಿಮ್ಮ ಮಳೆ ಯಾವ ಲೆಕ್ಕ?" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಅದೇ ನನಗೆ ಹೊಟ್ಟೆ ಉರಿಯುವುದು. ಹಾಯಿದೋಣಿಗಳಲ್ಲಿ ಇಂಥ ಹೀಟರ್ ಹಾಕುವುದು ನಿಜ. ವೆಬಾಸ್ಟೊ, ಎಬರ್‌ಸ್ಪೇಚರ್ ಅಂತ ಜರ್ಮನಿಯ ಕಂಪನಿಗಳು ಇವನ್ನು ಮಾಡುತ್ತವೆ. ಒಳಗೆ ಮುಚ್ಚಿದ ಡಬ್ಬಿಯಲ್ಲಿ ಡೀಸೆಲ್ ಉರಿಯುತ್ತೆ. ಉರಿಯೋಕೆ ಬೇಕಾದ ಗಾಳಿ ಹೊರಗಿಂದ ಬರಬೇಕು, ಹೊಗೆ ಹೊರಗೇ ಹೋಗಬೇಕು. ಕ್ಯಾಬಿನ್ನಿನ ಗಾಳಿ ಆ ಡಬ್ಬಿಯ ಹೊರಮೈ ಸವರಿಕೊಂಡು ಬಿಸಿಯಾಗಿ ಬರುತ್ತೆ, ಅಷ್ಟೆ. ಎರಡು ಗಾಳಿ ಎಲ್ಲೂ ಸೇರಬಾರದು. ಸರಿಯಾಗಿ ಕೂರಿಸಿದರೆ ಒಳ್ಳೆಯ ಒಣ ಬಿಸಿ ಸಿಗುತ್ತೆ. ಸರಿಯಾಗಿ ಕೂರಿಸಿದರೆ!

ಅವನು ತಂದದ್ದು ಹೆಸರಿಲ್ಲದ ಪೆಟ್ಟಿಗೆ. ಮೇಲೆ 8 ಕಿಲೋವ್ಯಾಟ್ ಅಂತ ಸ್ಟಿಕರ್. ಫಿಟ್ಟಿಂಗ್‌ಗೆ ಇಬ್ಬರು ಹುಡುಗರನ್ನು ಕರೆತಂದಿದ್ದ. ಮಧ್ಯಾಹ್ನ ನಮ್ಮನೆಯಲ್ಲೇ ಊಟ. ಹಲಸಿನ ಹಪ್ಪಳ ಕೇಳಿ ಹಾಕಿಸಿಕೊಂಡು ತಿಂದರು. ಹೊಗೆ ಕೊಳವೆ ಎಲ್ಲಿಗೆ ಬಿಟ್ಟಿದ್ದೀರಿ ಅಂತ ಕೇಳಿದ್ದಕ್ಕೆ "ಕೆಳಗೆ ಬಿಟ್ಟಿದೀವಿ ಸಾರ್, ನೀವು ತಲೆ ಕೆಡಿಸಿಕೊಳ್ಳಬೇಡಿ" ಅಂದ. ಪೂರ್ತಿ ದುಡ್ಡು ಎಣಿಸಿಕೊಂಡು ಹೋದ. ಹೀಟರಿಗೆ, ಫಿಟ್ಟಿಂಗಿಗೆ ಸೇರಿ 26,000 ರೂಪಾಯಿ.

ಆಮೇಲೆ ಬಂದ ಸಂಸಾರ ಮೈಸೂರಿನದು. ಮಳೆ ಜೋರಿತ್ತು, ರಾತ್ರಿಯಿಡೀ ಹೀಟರ್ ಹಚ್ಚಿಕೊಂಡೇ ಮಲಗಿದರು. ಬೆಳಿಗ್ಗೆ ಮೂವರಿಗೂ ತಲೆ ಸಿಡಿತ, ಮಗುವಿಗೆ ವಾಂತಿ. ಆ ಹೆಣ್ಣುಮಗಳು ನನ್ನ ಹೆಂಡತಿಯ ಮುಖ ನೋಡಿ, "ಆಂಟಿ, ರಾತ್ರಿ ಊಟದಲ್ಲಿ ಏನಾದರೂ ಆಯ್ತಾ?" ಅಂತ ಕೇಳಿದಳು. ಅವಳು ಕೇಳಿದ್ದು ಮೆಲ್ಲಗೇ. ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ರಾತ್ರಿಯ ಪಾತ್ರೆಗಳನ್ನೆಲ್ಲ ಮೂಸಿ ನೋಡಿದಳು, ಒಂದೊಂದಾಗಿ. ಹುಳಿ, ಮೊಸರು, ಕಡುಬಿನ ಹಿಟ್ಟು. ಆಮೇಲೆ ಕೂತು ಅತ್ತಳು. ಇಷ್ಟು ವರ್ಷ ಊಟದ ಮೇಲೆ ಒಂದು ಮಾತು ಕೇಳಿದವಳಲ್ಲ. ಅವಳ ಕೈ ಅಡುಗೆಗೆ ಆ ಹೆಸರು ಬಂದಿದ್ದು ಇವನಿಂದ. ಇದನ್ನು ನಾನು ಮರೆಯುವುದಿಲ್ಲ.

ಅವರು ಕುಡಿದ ವಿಷದ ಗಾಳಿ ಕಾರ್ಬನ್ ಮಾನಾಕ್ಸೈಡ್, ಹೀಟರಿನ ಹೊಗೆಯಲ್ಲಿ ಇರೋದು. ಅದು ಹೀಗೆಯೇ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ತಲೆನೋವು, ತಲೆಸುತ್ತು, ವಾಕರಿಕೆ. ಎಲ್ಲರೂ ಊಟ ಹೆಚ್ಚುಕಡಿಮೆ ಆಯ್ತು ಅಂದುಕೊಳ್ಳುತ್ತಾರೆ. ಆದರೆ ಅದೇ ಊಟ ನಾವೂ ಉಂಡಿದ್ದೆವು. ಮೂವರೂ ಜಗುಲಿಗೆ ಬಂದು ಗಾಳಿಗೆ ಕೂತ ಮೇಲೆ ಸುಧಾರಿಸಿಕೊಂಡರು. ಸಾಮಾನು ತರೋಕೆ ಕ್ಯಾಬಿನ್‌ಗೆ ಹೋದ ಗಂಡನಿಗೆ ಮತ್ತೆ ತಲೆ ಸುತ್ತಿತು. ಆಗ ನನ್ನ ಎದೆ ಧಸಕ್ ಅಂತು. ಹೀಟರ್ ಆರಿಸಿ, ಕಾರಿನಲ್ಲಿ ಕೂರಿಸಿಕೊಂಡು ಸಾಗರದ ಆಸ್ಪತ್ರೆಗೆ ಹೋದೆವು.

ಸಂಜೆ ಲಾರಿ ರಿಪೇರಿ ಮಾಡುವ ಗುರುತಿನ ಮೇಸ್ತ್ರಿಯನ್ನು ಕರೆಸಿದೆ. ನಮ್ಮ ಕ್ಯಾಬಿನ್ ಕಂಬದ ಮೇಲಿದೆ. ಹಂದಿ, ಹಾವು ಸೇರಬಾರದು ಅಂತ ಕೆಳಗೆ ಸುತ್ತ ತಗಡು ಹೊಡೆಸಿದ್ದೇವೆ. ಮೇಸ್ತ್ರಿ ಒಂದು ತಗಡು ಬಿಚ್ಚಿ ಟಾರ್ಚ್ ಹಾಕಿ, "ಗೌಡ್ರೇ, ಇಲ್ಲಿ ಬನ್ನಿ ಮಾರಾಯ್ರೆ" ಅಂದರು.

ಹೊಗೆ ಕೊಳವೆ ತಗಡಿನಾಚೆ ಬಂದೇ ಇರಲಿಲ್ಲ. ನೆಲದಡಿಯಲ್ಲೇ ನಿಂತಿತ್ತು. ಸೈಲೆನ್ಸರ್ ಸೇರುವ ಕಡೆ ಕ್ಲಾಂಪ್ ಇಲ್ಲ, ಬರೀ ತುರುಕಿದ್ದಾರೆ. ಆ ಅಗ್ಗದ ಸೈಲೆನ್ಸರ್ ತಗಡು ಮಡಚಿ ಮಾಡಿದ್ದು, ಜೋಡಣೆಯಲ್ಲೇ ಹೊಗೆ ಸೋರುತ್ತೆ. ಮೇಲಿನ ಹಲಗೆಗೆ ಮಸಿ ಹೇಗೆ ಹಿಡಿದಿತ್ತು ಅಂದರೆ, ಬೆರಳಿಟ್ಟರೆ ಎಣ್ಣೆಮಸಿ ಅಂಟಿಕೊಂಡು ಬಂತು. ಹಲಗೆ ಸಂದಿಯ ಉದ್ದಕ್ಕೂ ಕಪ್ಪು ಗೆರೆ, ಮಂಚದ ಕೆಳಗಿನ ತನಕ. ಗಾಳಿ ಎಳೆಯುವ ಕೊಳವೆಯೂ ಅಲ್ಲೇ, ಹೊಗೆ ಬಾಯಿಯಿಂದ ಒಂದು ಗೇಣು ದೂರ. ಅಂದರೆ ಯಂತ್ರ ತನ್ನ ಹೊಗೆಯನ್ನೇ ಎಳೆದುಕೊಳ್ಳುತ್ತಿತ್ತು. ಗಾಳಿ ಸಾಲದೆ ಅರೆಬರೆ ಉರಿದರೆ ಮಸಿಯೂ ಜಾಸ್ತಿ, ವಿಷವೂ ಜಾಸ್ತಿ. ಬ್ಯಾಟರಿಗೆ ಕೊಡಬೇಕಾದ ವೈರನ್ನು ಅಡಾಪ್ಟರ್ ಹಾಕಿ ನೇರ ಕರೆಂಟಿಗೆ ಕೊಟ್ಟಿದ್ದರು. ಇಂಥ ಹೀಟರ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಫ್ಯಾನ್ ತಿರುಗಿ ಒಳಗೆ ತಣ್ಣಗಾಗಬೇಕು. ನಮ್ಮ ಕಡೆ ಕರೆಂಟ್ ಹೇಳಿ ಹೋಗುತ್ತಾ?

ಮೇಸ್ತ್ರಿ 8 ಕಿಲೋವ್ಯಾಟಿನ ಸ್ಟಿಕರ್ ಉಗುರಿನಿಂದ ಎಬ್ಬಿಸಿದರು. ಕೆಳಗೆ ಇನ್ನೊಂದು. 5 ಕಿಲೋವ್ಯಾಟ್. ಆ ಹೊತ್ತಿಗೆ ನನಗೆ ಕಿಲೋವ್ಯಾಟ್ ಯಾರಿಗೆ ಬೇಕಿತ್ತು? ಆದರೂ ಆ ಎರಡು ಸ್ಟಿಕರ್ ನೋಡುತ್ತಾ ನಿಂತಾಗ ಆದಷ್ಟು ಅವಮಾನ ಬೇರೆ ಯಾವಾಗಲೂ ಆಗಿಲ್ಲ. ಗೊತ್ತಿದ್ದೇ ಮಾಡಿದ್ದಾರೆ. ಗೊತ್ತಿದ್ದೇ.

ಈಗ ಅವನ ಉತ್ತರಗಳನ್ನು ಕೇಳಿ. ಎಲ್ಲ ವಾಟ್ಸಾಪಿನಲ್ಲಿದೆ, ಅಳಿಸಿಲ್ಲ.

ಮೊದಲು: "ಹೊಸದು ಸಾರ್, ಸ್ವಲ್ಪ ದಿನ ಉರಿಸಿ, ಸರಿಹೋಗುತ್ತೆ." ಮಸಿಯ ಫೋಟೋ ಕಳಿಸಿದೆ. "ನಿಮ್ಮದು ಮರದ ನೆಲ ಸಾರ್, ಸಂದಿ ಇರೋದು ನಮ್ಮ ತಪ್ಪಾ?" ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು ಅಂತ ಬರೆದೆ. ಅದಕ್ಕೆ ಬಂದ ಉತ್ತರ ಇದು: "ರಾತ್ರಿ ಕಿಟಕಿ ತೆಗೆದಿಟ್ಟು ಮಲಗೋಕೆ ಹೇಳಿ ಸಾರ್."

ಕಿಟಕಿ ತೆಗೆದಿಟ್ಟು! ಚಳಿಗೆ ಹೀಟರ್ ಹಾಕಿಸಿದವರು ಮಲೆನಾಡಿನ ಮಳೆಯಲ್ಲಿ ಕಿಟಕಿ ತೆಗೆದಿಟ್ಟು ಮಲಗಬೇಕಂತೆ. ಮಗುವಿನ ಬಗ್ಗೆ ಒಂದು ಮಾತಿಲ್ಲ. ಹೇಗಿದೆ ಅಂತ ಕೂಡ ಕೇಳಲಿಲ್ಲ.

ದುಡ್ಡು ವಾಪಸ್ ಕೇಳಿದೆ. "ವಾರಂಟಿ ಮಷಿನ್‌ಗೆ ಸಾರ್, ಫಿಟ್ಟಿಂಗ್‌ಗೆ ಇಲ್ಲ. ಫಿಟ್ಟಿಂಗ್ ಹುಡುಗರು ನಮ್ಮವರಲ್ಲ." ಅವರನ್ನು ಕರೆದುಕೊಂಡು ಬಂದವನು ಯಾರು? ಫಿಟ್ಟಿಂಗ್ ದುಡ್ಡು ತೆಗೆದುಕೊಂಡವನು ಯಾರು? ಕೊನೆಗೆ, "ಇಷ್ಟು ಕಡೆ ಹಾಕಿದ್ದೇನೆ, ಯಾರೂ ಕಂಪ್ಲೇಂಟ್ ಮಾಡಿಲ್ಲ, ನೀವೊಬ್ಬರೇ." ಆಮೇಲೆ ನೀಲಿ ಟಿಕ್ ಮಾತ್ರ. ಉತ್ತರವಿಲ್ಲ.

ಇಷ್ಟು ಕಡೆ ಹಾಕಿದ್ದಾನಂತೆ. ನಾನು ಇದನ್ನು ಬರೆಯುತ್ತಿರುವುದೇ ಆ ಮಾತಿಗಾಗಿ.

ದೋಣಿಯಲ್ಲಿ ಹಾಕುತ್ತಾರೆ ಅಂದನಲ್ಲ, ದೋಣಿಯವರು ಹೇಗೆ ಹಾಕುತ್ತಾರೆ ಅಂತ ಆಮೇಲೆ ಓದಿದೆ. ಹೊಗೆ ಕೊಳವೆಯನ್ನು ದೋಣಿಯ ಗೋಡೆ ದಾಟಿಸಿ ಹೊರಗೆ ಬಿಡುತ್ತಾರೆ. ಸಮುದ್ರದ ನೀರು ನುಗ್ಗಬಾರದು ಅಂತ ಒಳಗೆ ಹಂಸದ ಕುತ್ತಿಗೆ ಹಾಗೆ ಮೇಲಕ್ಕೆ ಬಗ್ಗಿಸಿರುತ್ತಾರೆ. ಕೊಳವೆ ಕೆಂಡದ ಹಾಗೆ ಕಾಯುತ್ತೆ, ಅದಕ್ಕೆ ಶಾಖ ತಡೆಯುವ ಪಟ್ಟಿ ಸುತ್ತುತ್ತಾರೆ. ಸೋರದ ಸೈಲೆನ್ಸರ್ ಹಾಕುತ್ತಾರೆ. ಮಲಗುವ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡುತ್ತಾರೆ. ಇವನು ದೋಣಿಯ ವಿಡಿಯೋ ತೋರಿಸಿದ, ಇದರಲ್ಲಿ ಒಂದನ್ನೂ ಮಾಡಲಿಲ್ಲ.

ಹಾಕಿಸಲೇಬೇಕು ಅಂದರೆ ಹೊಗೆಯ ಬಾಯಿ ಗೋಡೆಯಾಚೆ ಬಯಲಿಗೆ ಬಂದಿರುವುದನ್ನು ಕಣ್ಣಾರೆ ನೋಡದೆ ಪೂರ್ತಿ ದುಡ್ಡು ಕೊಡಬೇಡಿ. ಗಾಳಿ ಎಳೆಯುವ ಬಾಯಿ ಅದರಿಂದ ದೂರ ಇರಲಿ. ಅಲಾರಂ ಮೊದಲು ತನ್ನಿ, ಹೀಟರ್ ಆಮೇಲೆ. ಬಿಲ್ಲಿನಲ್ಲಿ ಫಿಟ್ಟಿಂಗ್ ಅಂತ ಬರೆಸಿಕೊಳ್ಳಿ, ಬರೆಯಲ್ಲ ಅಂದವನನ್ನು ಅಂಗಳದಿಂದಲೇ ಕಳಿಸಿ. ಅವನಿಗೆ ಊಟ ಹಾಕಬೇಡಿ.

ನಾನು 1915 ಗ್ರಾಹಕ ಸಹಾಯವಾಣಿಗೆ ದೂರು ಹೇಳಿದ್ದೇನೆ, ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಕಾಗದ ಕೊಟ್ಟಿದ್ದೇನೆ. 5 ಲಕ್ಷದೊಳಗಿನ ಖರೀದಿಗೆ ಅಲ್ಲಿ ಶುಲ್ಕ ಇಲ್ಲ. ಆದ ಘಟನೆಗೆ 2 ವರ್ಷದೊಳಗೆ ದೂರು ಕೊಡಬೇಕು. ಮೈಸೂರಿನವರು ಆಸ್ಪತ್ರೆಯ ಚೀಟಿ ಕಳಿಸಿಕೊಟ್ಟಿದ್ದಾರೆ. ಮಗು ಆರಾಮಾಗಿದೆ.

ಶಿವಮೊಗ್ಗದಿಂದ ಬಂದು, ದೋಣಿಯ ವಿಡಿಯೋ ತೋರಿಸಿ, 8 ಕಿಲೋವ್ಯಾಟ್ ಅಂತ ಹೇಳಿ ನಿಮಗೂ ಯಾರಾದರೂ ಹೀಟರ್ ಕೂರಿಸಿ ಹೋಗಿದ್ದರೆ, ಇವತ್ತು ರಾತ್ರಿ ಅದನ್ನು ಹಚ್ಚಬೇಡಿ. ನಾಳೆ ಬೆಳಕಿನಲ್ಲಿ ನೆಲದಡಿ ಬಗ್ಗಿ ನೋಡಿ. ಮಸಿ ಕಂಡರೆ ಫೋಟೋ ತೆಗೆದು ನನಗೆ ತಿಳಿಸಿ. ಆಯೋಗದ ಮುಂದೆ ನಾನೊಬ್ಬನೇ ನಿಲ್ಲುವುದಕ್ಕಿಂತ ನಾಲ್ಕು ಜನ ನಿಂತರೆ ಅವನಿಗೆ "ನೀವೊಬ್ಬರೇ" ಅನ್ನೋಕೆ ಬಾಯಿ ಇರುವುದಿಲ್ಲ.