ಬೇಸ್‌ಬಾಲ್ ಸವಾಂಟ್: ಗಾಯದಿಂದ ಮರಳುವ ತೋಳುಗಳನ್ನು ಓದಲು ಒಂದು ಉಚಿತ ಜಾಲತಾಣ

ಮೊಣಕೈಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ವರ್ಷದ ಮೇಲೆ ಮರಳಿ ಕಣಕ್ಕಿಳಿಯುವ ಪಿಚರ್‌ನ, ಅಂದರೆ ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನ, ಬಗ್ಗೆ ತಂಡದ ಮ್ಯಾನೇಜರನ್ನು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಯಾವಾಗಲೂ ಒಂದೇ: ತೋಳು ಚೆನ್ನಾಗಿದೆ, ಅವನೂ ಉತ್ಸಾಹದಲ್ಲಿದ್ದಾನೆ. ಅಷ್ಟನ್ನೇ ನಂಬಿ ಕೂರಲಾಗದ ನನ್ನಂಥವರಿಗೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ನಡೆಸುವ ಬೇಸ್‌ಬಾಲ್ ಸವಾಂಟ್ ಜಾಲತಾಣ ದೊಡ್ಡ ಆಸರೆ. ಇದನ್ನು ಮೊದಲು ಕಟ್ಟಿದವರು ಡ್ಯಾರೆನ್ ವಿಲ್ಮನ್ ಎಂಬ ಅಭಿಮಾನಿ. ಆಮೇಲೆ ಲೀಗ್ ಅವರನ್ನೇ ಕೆಲಸಕ್ಕೆ ತೆಗೆದುಕೊಂಡು ತಾಣವನ್ನೂ ತನ್ನದಾಗಿಸಿಕೊಂಡಿತು. ಚಂದಾ ಇಲ್ಲ, ಖಾತೆ ತೆರೆಯಬೇಕಾಗಿಲ್ಲ, ಬೆಂಗಳೂರಿನಲ್ಲಿ ಕುಳಿತವರಿಗೂ ಲಾಸ್ ಏಂಜಲೀಸ್‌ನಲ್ಲಿ ಕುಳಿತವರಿಗೂ ಒಂದೇ ಮಾಹಿತಿ ಸಿಗುತ್ತದೆ.

ತಾಣದ ಹಿಂದಿರುವ ಯಂತ್ರ ವ್ಯವಸ್ಥೆಯ ಹೆಸರು ಸ್ಟ್ಯಾಟ್‌ಕಾಸ್ಟ್. 2015ರಲ್ಲಿ ಮೇಜರ್ ಲೀಗ್‌ನ ಎಲ್ಲ ಮೈದಾನಗಳಿಗೂ ಬಂದ ಈ ವ್ಯವಸ್ಥೆ 2020ರಿಂದ ಹಾಕ್-ಐ ಕ್ಯಾಮೆರಾಗಳನ್ನು ಬಳಸುತ್ತಿದೆ. ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯು ಮೇಲ್ಮನವಿ ಬಂದಾಗ ಪರದೆಯ ಮೇಲೆ ಚೆಂಡಿನ ದಾರಿ ತೋರಿಸುವ ಹಾಕ್-ಐ ನಮಗೆಲ್ಲ ಪರಿಚಿತವೇ. ಇಲ್ಲಿ ಅದೇ ತಂತ್ರಜ್ಞಾನ ಮೈದಾನಕ್ಕೆ ಹನ್ನೆರಡು ಕ್ಯಾಮೆರಾಗಳಂತೆ ನಿಂತು, ವಿವಾದ ಎದ್ದ ಚೆಂಡನ್ನಷ್ಟೇ ಅಲ್ಲದೆ ಪ್ರತಿಯೊಂದು ಎಸೆತವನ್ನೂ ಅಳೆದು ದಾಖಲಿಸುತ್ತದೆ. ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮ ತೀರದ ಸಂಜೆ 7.10ರ ಪಂದ್ಯ ನಮಗೆ ಬೆಳಿಗ್ಗೆ 7.40ಕ್ಕೆ ಶುರುವಾಗುವುದರಿಂದ, ಕಾಫಿ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಎಸೆತ ಪಟ್ಟಿಗೆ ಸೇರುವುದನ್ನು ನೋಡುವುದು ನನ್ನ ಮಟ್ಟಿಗೆ ದಿನಪತ್ರಿಕೆ ಓದುವುದಕ್ಕಿಂತ ರುಚಿಕರ.

ಪಿಚರ್‌ನ ಪುಟ ತೆರೆದೊಡನೆ ಕಣ್ಣಿಗೆ ಬೀಳುವುದು ಕೆಂಪು ಮತ್ತು ನೀಲಿ ಬಣ್ಣದ ಪಟ್ಟಿಗಳು. ಲೀಗ್‌ನ ಉಳಿದವರಿಗೆ ಹೋಲಿಸಿದರೆ ಇವನು ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಅವು ಹೇಳುತ್ತವೆ. ಕಡುಕೆಂಪಾದರೆ ಉತ್ತಮ, ಕಡುನೀಲಿಯಾದರೆ ಕಳಪೆ. ಗಾಯದಿಂದ ಮರಳಿದವನನ್ನು ಅಳೆಯಲು ಹೊರಟವರು ಈ ಪಟ್ಟಿಗಳಿಗೆ ಮರುಳಾಗದೆ ಕೆಳಗಿಳಿಯಬೇಕು, ಏಕೆಂದರೆ ಅವನನ್ನು ಹೋಲಿಸಬೇಕಾಗಿರುವುದು ಲೀಗ್‌ನೊಂದಿಗಲ್ಲ, ಗಾಯಕ್ಕೆ ಮುಂಚಿನ ಅವನೊಂದಿಗೇ. ಒಂದೊಂದು ಬಗೆಯ ಎಸೆತದ ವೇಗ ಪಂದ್ಯದಿಂದ ಪಂದ್ಯಕ್ಕೆ ಹೇಗೆ ಏರಿಳಿದಿದೆ, ಚೆಂಡು ಎಷ್ಟು ಸುತ್ತು ತಿರುಗುತ್ತಿದೆ, ಎಷ್ಟು ಅಂಗುಲ ಬಾಗುತ್ತಿದೆ, ಯಾವ ಎತ್ತರದಲ್ಲಿ ಬೆರಳಿನಿಂದ ಬಿಡುಗಡೆಯಾಗುತ್ತಿದೆ, ತೋಳು ಯಾವ ಕೋನದಲ್ಲಿ ಬೀಸುತ್ತಿದೆ ಎಂಬುದೆಲ್ಲ ಅಲ್ಲಿ ದೊರೆಯುತ್ತದೆ. ಇವುಗಳಲ್ಲಿ ನಾನು ಮೊದಲು ನೋಡುವುದು ವೇಗವನ್ನಲ್ಲ, ಬಿಡುಗಡೆಯ ಎತ್ತರವನ್ನು. ನೋವಿರುವ ಭುಜ ತನಗೇ ಅರಿವಿಲ್ಲದಂತೆ ತೋಳನ್ನು ತಗ್ಗಿಸಿಬಿಡಬಲ್ಲದು, ಮತ್ತು ಆ ತಗ್ಗುವಿಕೆ ಒಂದೆರಡು ಅಂಗುಲವಾದರೂ ಪಟ್ಟಿಯಲ್ಲಿ ಕಾಣದೆ ಹೋಗುವುದಿಲ್ಲ.

ಇಂಥ ತಾಣದ ಅಗತ್ಯ ಏಕೆ ಹೆಚ್ಚಿತು ಎಂಬುದಕ್ಕೆ ಆಟದ ಈಗಿನ ಸ್ಥಿತಿಯೇ ಕಾರಣ. 1974ರ ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಅವರು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಪಿಚರ್ ಟಾಮಿ ಜಾನ್ ಅವರ ಎಡ ಮೊಣಕೈಯಲ್ಲಿ ಹರಿದಿದ್ದ ಅಸ್ಥಿರಜ್ಜುವಿನ ಜಾಗದಲ್ಲಿ ಬಲ ಮುಂಗೈಯ ಸ್ನಾಯುರಜ್ಜುವನ್ನು ಕಸಿ ಮಾಡಿದಾಗ ಅದೊಂದು ಸಾಹಸವಾಗಿತ್ತು. 1976ರಲ್ಲಿ ಮರಳಿ ಬಂದ ಜಾನ್ ಆ ಮೇಲೆ 164 ಪಂದ್ಯಗಳನ್ನು ಗೆದ್ದರು. ಇಂದು ಅವರ ಹೆಸರಿನ ಆ ಶಸ್ತ್ರಚಿಕಿತ್ಸೆ ಬಹುತೇಕ ದಿನನಿತ್ಯದ ಸಂಗತಿ. ಲೀಗ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 2024ಕ್ಕೆ 94.2 ಮೈಲಿಗೆ ಏರಿದೆ, ಮತ್ತು ಪ್ರತಿ ಎಸೆತಕ್ಕೂ ಪೂರ್ಣ ಬಲ ಹಾಕುವ ಈ ರೂಢಿಯೇ ಗಾಯಗಳ ಹೆಚ್ಚಳಕ್ಕೆ ದಾರಿ ಮಾಡಿದೆ. ಆ ವೇಗದ ಹಸಿವನ್ನು ಬೆಳೆಸಿದ್ದರಲ್ಲಿ ಎಸೆತ ಎಸೆತವನ್ನೂ ಅಳೆಯುವ ಈ ಸಲಕರಣೆಗಳ ಪಾಲೂ ಇದೆ ಎಂಬುದನ್ನು ಇದನ್ನು ಹೊಗಳುವವರು ಮರೆಯಬಾರದು.

ಸವಾಂಟ್ ತನ್ನ ಬೆಲೆಯನ್ನು ನಿಜವಾಗಿ ತೋರಿಸಿದ್ದು 2025ರ ಡಾಡ್ಜರ್ಸ್ ಬುಲ್‌ಪೆನ್ ವಿಷಯದಲ್ಲಿ. ಬುಲ್‌ಪೆನ್ ಎಂದರೆ ಮೊದಲ ಪಿಚರ್ ದಣಿದ ಮೇಲೆ ಪಂದ್ಯದ ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಒಂದೆರಡಕ್ಕೆಂದು ಬರುವ ಬದಲಿ ಪಿಚರ್‌ಗಳ ಪಡೆ. ಆ ವರ್ಷ ಬ್ರುಸ್ಡಾರ್ ಗ್ರಟೆರೋಲ್ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಇಡೀ ಋತುವನ್ನು ಕಳೆದುಕೊಂಡರು, ಇವಾನ್ ಫಿಲಿಪ್ಸ್ ಜೂನ್‌ನಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆಗೆ ಹೋದರು, ಬ್ಲೇಕ್ ಟ್ರೈನೆನ್ ಮುಂಗೈ ನೋವಿನಿಂದ ತಿಂಗಳುಗಟ್ಟಲೆ ಹೊರಗುಳಿದರು, ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಕೊಟ್ಟು ತಂದ ಟ್ಯಾನರ್ ಸ್ಕಾಟ್ ಗೆಲ್ಲುವ ಪಂದ್ಯಗಳನ್ನು ಮತ್ತೆ ಮತ್ತೆ ಕೈಚೆಲ್ಲಿದರು. ಈ ನಡುವೆ ಜಪಾನಿನಿಂದ ಭಾರಿ ನಿರೀಕ್ಷೆಯೊಂದಿಗೆ ಬಂದಿದ್ದ ರೋಕಿ ಸಸಾಕಿ ಎಂಟು ಪಂದ್ಯಗಳಲ್ಲಿ ಮೊದಲ ಪಿಚರ್ ಆಗಿ ಆಡಿ, ಮೇ ತಿಂಗಳಲ್ಲಿ ಬಲಭುಜದ ತೊಂದರೆಯಿಂದ ಗಾಯಾಳುಗಳ ಪಟ್ಟಿ ಸೇರಿದ್ದರು. ಅವರು ಹೊರನಡೆಯುವ ಮುಂಚಿನ ಕೊನೆಯ ಪಂದ್ಯದ ಪುಟ ತೆರೆದರೆ ಫಾಸ್ಟ್‌ಬಾಲ್ 95 ಮೈಲಿಯ ಆಸುಪಾಸಿಗೆ ಇಳಿದಿದ್ದು ಕಾಣುತ್ತದೆ. ಭುಜದ ಸುದ್ದಿ ಪ್ರಕಟವಾದದ್ದು ಅದಾದ ಮೇಲೆ.

ಗಾಯಾಳು ಪಿಚರ್ ಮೇಜರ್ ಲೀಗ್‌ಗೆ ಮರಳುವ ಮುನ್ನ ಗರಿಷ್ಠ ಮೂವತ್ತು ದಿನ ಕೆಳಹಂತದ ಲೀಗ್‌ಗಳಲ್ಲಿ ಪುನಶ್ಚೇತನ ಪಂದ್ಯಗಳನ್ನು ಆಡಬಹುದೆಂಬ ನಿಯಮವಿದೆ. ಸಸಾಕಿ ಆಡಿದ್ದು ಒಕ್ಲಹೋಮ ಸಿಟಿಯಲ್ಲಿ, ಅಂದರೆ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಹಂತದಲ್ಲಿ. 2023ರಿಂದ ಈ ಹಂತದ ಅಳತೆಗಳೂ ಸವಾಂಟ್‌ನಲ್ಲಿ ಸಾರ್ವಜನಿಕವಾಗಿ ಸಿಗುತ್ತಿರುವುದು, ನನ್ನ ದೃಷ್ಟಿಯಲ್ಲಿ, ತಾಣ ಮಾಡಿದ ಅತ್ಯುತ್ತಮ ಕೆಲಸ. ಆಗಸ್ಟ್‌ನ ಮೊದಲ ಪುನಶ್ಚೇತನ ಪಂದ್ಯಗಳಲ್ಲಿ ಹಳೆಯ ರಭಸ ಮರಳಿರಲಿಲ್ಲ, ಫಲಿತಾಂಶವೂ ಸಾಧಾರಣವಾಗಿತ್ತು, ಸಸಾಕಿಯನ್ನು ಆ ವರ್ಷಕ್ಕೆ ಮರೆತುಬಿಡುವುದೇ ಲೇಸೆಂದು ಅನಿಸುವಂತಿತ್ತು. ಸೆಪ್ಟೆಂಬರ್ ಹೊತ್ತಿಗೆ ಅದೇ ಪಟ್ಟಿಯಲ್ಲಿ 100ರ ಅಂಕಿ, ಅಂದರೆ ಗಂಟೆಗೆ 161 ಕಿಲೋಮೀಟರ್ ವೇಗ, ಕಾಣಿಸಿಕೊಂಡಿತು, ಮತ್ತು ತಂಡ ಅವರನ್ನು ಅಲ್ಲಿಯೇ ಬದಲಿ ಪಿಚರ್ ಆಗಿ ಒಂದೊಂದು ಇನ್ನಿಂಗ್ಸ್‌ಗೆ ಇಳಿಸಿ ನೋಡಿತು. ಸೆಪ್ಟೆಂಬರ್ ಕೊನೆಯಲ್ಲಿ ಡಾಡ್ಜರ್ಸ್ ಸೇರಿಕೊಂಡ ಅವರು ಅಕ್ಟೋಬರ್ 4ರಂದು ಫಿಲಡೆಲ್ಫಿಯದಲ್ಲಿ ತಮ್ಮ ಮೇಜರ್ ಲೀಗ್ ಬದುಕಿನ ಮೊದಲ ಸೇವ್ ದಾಖಲಿಸಿದರು, ಅಂದರೆ ತಂಡದ ಮುನ್ನಡೆಯನ್ನು ಪಂದ್ಯದ ಕೊನೆಯವರೆಗೆ ಕಾಯ್ದುಕೊಟ್ಟರು. ಐದು ದಿನಗಳ ನಂತರ ಅದೇ ಎದುರಾಳಿಯ ಒಂಬತ್ತು ಬ್ಯಾಟರ್‌ಗಳನ್ನು ಮೂರು ಇನ್ನಿಂಗ್ಸ್‌ಗಳಲ್ಲಿ ಒಬ್ಬರನ್ನೂ ಬೇಸ್‌ಗೆ ಬಿಡದೆ ಕಳಿಸಿದರು. ಸುದ್ದಿವಾಹಿನಿಗಳು ಅದನ್ನು ಪವಾಡವೆಂದವು, ಆದರೆ ಟ್ರಿಪಲ್-ಎ ಪಟ್ಟಿಯನ್ನು ಹಿಂಬಾಲಿಸಿದವರಿಗೆ ಅದು ಮೂರು ವಾರ ಮೊದಲೇ ಬಂದ ಮುನ್ಸೂಚನೆಯಾಗಿತ್ತು.

ಹಾಗೆಂದು ವೇಗ ಮರಳಿದರೆ ಎಲ್ಲವೂ ಮರಳಿತೆಂದು ಓದಿಕೊಳ್ಳುವವರಿಗೆ ಮಯಾಮಿಯ ಸ್ಯಾಂಡಿ ಅಲ್ಕಾಂಟರಾ ಒಂದು ಎಚ್ಚರಿಕೆ. 2022ರಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಸರ್ವಾನುಮತದಿಂದ ಗೆದ್ದ ಅವರು 2023ರ ಅಕ್ಟೋಬರ್‌ನಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 2025ರ ಋತುವಿನ ಆರಂಭದ ದಿನವೇ ಮರಳಿದರು. ಫಾಸ್ಟ್‌ಬಾಲ್ 97 ಮೈಲಿಯ ಸುತ್ತಮುತ್ತ ಇತ್ತು, ತೋಳಿನ ಬೀಸು ಹಿಂದಿನಂತೆಯೇ ಇತ್ತು, ಆದರೂ ವರ್ಷ ಮುಗಿದಾಗ ಅವರ ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್‌ನ ಹೊಣೆಯಲ್ಲಿ ಹೋದ ರನ್‌ಗಳ ಸರಾಸರಿ (ಕಡಿಮೆಯಾದಷ್ಟೂ ಒಳ್ಳೆಯದು), 5.36. ಕೈಕೊಟ್ಟದ್ದು ಹಿಡಿತ: ಬಯಸಿದ ಮೂಲೆಗೆ ಚೆಂಡನ್ನು ಕಳಿಸುವ ಸೂಕ್ಷ್ಮ. ಸವಾಂಟ್ ಚೆಂಡು ಎಲ್ಲಿಗೆ ಹೋಯಿತೆಂಬುದನ್ನು ಅಂಗುಲದ ನಿಖರತೆಯಲ್ಲಿ ತೋರಿಸುತ್ತದೆ, ಆದರೆ ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಕೈಗವಸನ್ನು ಎಲ್ಲಿ ಹಿಡಿದಿದ್ದ, ಪಿಚರ್ ಎಲ್ಲಿಗೆ ಕಳಿಸಲು ಬಯಸಿದ್ದ ಎಂಬ ಉದ್ದೇಶದ ಅಳತೆ ಅದರ ಪುಟದಲ್ಲಿಲ್ಲ. ಗಾಯದಿಂದ ಮರಳುವವನಲ್ಲಿ ಎಲ್ಲಕ್ಕಿಂತ ತಡವಾಗಿ ಬರುವುದು ಆ ಹಿಡಿತವೇ ಆಗಿರುವುದರಿಂದ ಈ ಕೊರತೆಯನ್ನು ಸಣ್ಣದೆಂದು ಬಿಡಲಾಗದು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಟೆಕ್ಸಸ್ ರೇಂಜರ್ಸ್‌ನ ಜೇಕಬ್ ಡಿಗ್ರಾಮ್. 2023ರಲ್ಲಿ ಎರಡನೆಯ ಬಾರಿ ಮೊಣಕೈ ಕೊಯ್ಯಿಸಿಕೊಂಡ ಅವರ ಫಾಸ್ಟ್‌ಬಾಲ್ ಹಿಂದೆ 99 ಮೈಲಿ ಇದ್ದದ್ದು 2025ರಲ್ಲಿ 97ರ ಆಸುಪಾಸಿಗೆ ಬಂದಿತ್ತು. ಪಟ್ಟಿಯನ್ನಷ್ಟೇ ನೋಡಿದವರು ಇಳಿಮುಖವೆಂದು ಷರಾ ಬರೆದುಬಿಡುತ್ತಿದ್ದರು. ಅವರು 30 ಪಂದ್ಯ ಆರಂಭಿಸಿ, 172ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದು, 2.97ರ ಇಆರ್‌ಎ ಗಳಿಸಿದರು. ಬಲ ತಗ್ಗಿಸಿ ಆಯಸ್ಸು ಕೊಂಡುಕೊಂಡ ಲೆಕ್ಕ ಅದು. ಅಟ್ಲಾಂಟದ ಸ್ಪೆನ್ಸರ್ ಸ್ಟ್ರೈಡರ್ ಅವರಲ್ಲಿಯೂ ವೇಗ ಹಾಗೆಯೇ ತಗ್ಗಿತು, ಆದರೆ ಅವರಿಗೆ ಆ ವ್ಯಾಪಾರ ಕುದುರಲಿಲ್ಲ.

ಇನ್ನೂ ಕೆಲವು ಕಡೆ ತಾಣ ಮೌನವಾಗಿರುತ್ತದೆ. ಟ್ರಿಪಲ್-ಎ ಹಂತ ಮತ್ತು ಫ್ಲಾರಿಡಾ ಸ್ಟೇಟ್ ಲೀಗ್ ಬಿಟ್ಟರೆ ಕೆಳಗಿನ ಲೀಗ್‌ಗಳ ಅಳತೆ ಅಲ್ಲಿ ದೊರೆಯದು. ಆದ್ದರಿಂದ ಡಬಲ್-ಎ ಹಂತದಲ್ಲಿ ಆಡುವ ಭರವಸೆಯ ಹುಡುಗನ ಬಗ್ಗೆ ಮತ್ತೆ ಕೇಳಿಕೆಯ ಮಾತನ್ನೇ ನೆಚ್ಚಬೇಕು. ಅಭ್ಯಾಸದ ಎಸೆತಗಳೂ ದಾಖಲಾಗುವುದಿಲ್ಲ. ಪಿಚಿಂಗ್, ಬ್ಯಾಟಿಂಗ್ ಎರಡನ್ನೂ ಮಾಡುವ ಡಾಡ್ಜರ್ಸ್‌ನ ಶೊಹೆ ಓಟಾನಿ ಬ್ಯಾಟರ್ ಆಗಿ ತಂಡದಲ್ಲೇ ಇದ್ದುದರಿಂದ ಕೆಳಲೀಗ್‌ಗೆ ಹೋಗದೆ, ತಮ್ಮದೇ ತಂಡದವರ ಎದುರು ಎಸೆದು ಸಜ್ಜಾಗಿ, 2025ರ ಜೂನ್ 16ರಂದು ಪಾಡ್ರೆಸ್ ವಿರುದ್ಧ ಒಂದೇ ಇನ್ನಿಂಗ್ಸ್‌ನೊಂದಿಗೆ ಪಿಚಿಂಗ್‌ಗೆ ಮರಳಿದರು. ಅಲ್ಲಿಯವರೆಗಿನ ಅವರ ತೋಳಿನ ಚೇತರಿಕೆಯ ಕಥೆ ಸವಾಂಟ್‌ನಲ್ಲಿ ಒಂದು ಖಾಲಿ ಪುಟ. ಎಲ್ಲ ಅಳತೆಗಳೂ ಮೈಲಿ, ಅಡಿ, ಅಂಗುಲಗಳಲ್ಲಿ ಇರುವುದು ನಮ್ಮವರಿಗೆ ಆರಂಭದಲ್ಲಿ ಕಿರಿಕಿರಿ, ಅಗಲವಾದ ಪಟ್ಟಿಗಳನ್ನು ಸಣ್ಣ ಫೋನಿನಲ್ಲಿ ಓದುವುದಕ್ಕಿಂತ ಕಂಪ್ಯೂಟರ್ ಮುಂದೆ ಕೂರುವುದು ವಾಸಿ. ಇಷ್ಟರ ಮೇಲೂ ಅಸೂಯೆಯಾಗುವುದು ಕ್ರಿಕೆಟ್ ನೆನೆದಾಗ. ಬೆನ್ನುಮೂಳೆಯ ಗಾಯ, ಆಮೇಲೆ ತೊಡೆಯ ಶಸ್ತ್ರಚಿಕಿತ್ಸೆ ಎರಡನ್ನೂ ದಾಟಿ ಬಂದು 2025ರ ಐಪಿಎಲ್‌ನಲ್ಲಿ 25 ವಿಕೆಟ್ ಪಡೆದ ನಮ್ಮ ಪ್ರಸಿದ್ಧ್ ಕೃಷ್ಣ ಅವರ ಮರಳುವಿಕೆಯನ್ನು ಹೀಗೆ ಎಸೆತ ಎಸೆತವಾಗಿ, ಬಿಡಿಗಾಸು ಕೊಡದೆ ಓದಲು ಸಾಧ್ಯವಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಬುಲ್‌ಪೆನ್‌ನ ಹೊಸ ಮುಖಗಳನ್ನು ಹುಡುಕುವವರಿಗೆ ನಾನು ಹೇಳುವುದು ತಾಣದ ಹುಡುಕು ಪುಟವನ್ನು ಕಲಿಯಿರಿ ಎಂದು. ಲೀಗ್, ತಂಡ, ಎಸೆತದ ಬಗೆ, ಕನಿಷ್ಠ ವೇಗ ಇವನ್ನು ಆರಿಸಿ ಕೊಟ್ಟರೆ ಪಟ್ಟಿ ತಾನಾಗಿ ಬರುತ್ತದೆ, ಅದನ್ನು ಇಳಿಸಿಕೊಂಡು ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯಬಹುದು. ಟಾಮಿ ಜಾನ್ ಶಸ್ತ್ರಚಿಕಿತ್ಸೆಯಿಂದ 2023ರ ಋತುವನ್ನೇ ಕಳೆದುಕೊಂಡು ಮರಳಿದ ವೆನೆಜುವೆಲದ ಎಡ್ಗಾರ್ಡೊ ಹೆನ್ರಿಕೆಜ್ ಇಂಥ ಹುಡುಕಾಟದಲ್ಲಿ 100 ಮೈಲಿ ದಾಟುವ ಎಸೆತಗಳಿಂದಾಗಿ ತಟ್ಟನೆ ಮೇಲೆ ಬರುತ್ತಾರೆ. ವಿಲ್ ಕ್ಲೈನ್ ಹಾಗೆ ಎದ್ದು ಕಾಣುವವರಲ್ಲ. ಕ್ಯಾನ್ಸಸ್ ಸಿಟಿ, ಓಕ್ಲಂಡ್, ಸಿಯಾಟಲ್ ಎಂದು ಕೈಯಿಂದ ಕೈಗೆ ದಾಟಿ 2025ರ ಜೂನ್‌ನಲ್ಲಿ ಡಾಡ್ಜರ್ಸ್ ಸೇರಿದ ಅವರ ಹೆಸರಿನ ಮುಂದೆ ಒಳ್ಳೆಯ ವೇಗವೂ ಅದರ ಬೆನ್ನಿಗೇ ಕೊಟ್ಟ ವಾಕ್‌ಗಳ (ಗುರಿ ತಪ್ಪಿದ ನಾಲ್ಕು ಎಸೆತಗಳಿಂದ ಬ್ಯಾಟರ್‌ಗೆ ಸಿಗುವ ಉಚಿತ ಬೇಸ್) ಉದ್ದ ಸಾಲೂ ಇದ್ದವು. ನಾನಂತೂ ಪಟ್ಟಿಯಲ್ಲಿ ಅವರನ್ನು ದಾಟಿಕೊಂಡು ಹೋಗಿದ್ದೆ. ಅಕ್ಟೋಬರ್ 27ರಂದು ನಡೆದ, ಲೀಗ್‌ನ ಫೈನಲ್ ಆದ ವಿಶ್ವ ಸರಣಿಯ ಮೂರನೆಯ ಪಂದ್ಯ, ನಮಗೆ 28ರ ಮುಂಜಾನೆ ಶುರುವಾದದ್ದು, ಹದಿನೆಂಟು ಇನ್ನಿಂಗ್ಸ್‌ಗಳಿಗೆ ಎಳೆದು ಇಲ್ಲಿ ಮಧ್ಯಾಹ್ನವಾದ ಹೊತ್ತಿಗೆ ಡಾಡ್ಜರ್ಸ್ ಬುಲ್‌ಪೆನ್‌ನಲ್ಲಿ ಉಳಿದಿದ್ದ ಪಿಚರ್ ಅವರೇ. ಮೇಜರ್ ಲೀಗ್‌ನಲ್ಲಿ ಒಮ್ಮೆಯೂ ಎರಡು ಇನ್ನಿಂಗ್ಸ್ ಮೀರಿ ಎಸೆಯದಿದ್ದ ಕ್ಲೈನ್ ಅಂದು ನಾಲ್ಕು ಇನ್ನಿಂಗ್ಸ್‌ಗಳಲ್ಲಿ ಒಂದೂ ರನ್ ಕೊಡದೆ 72 ಎಸೆತ ಎಸೆದರು. ಆ 72 ಎಸೆತಗಳೂ ಒಂದೊಂದರ ವೇಗ, ಬಾಗು, ಬಿಡುಗಡೆಯ ಎತ್ತರದೊಂದಿಗೆ ಪಂದ್ಯದ ಪುಟದಲ್ಲಿವೆ. ಈ ತಾಣವನ್ನು ಮೊದಲ ಸಲ ತೆರೆಯುವವರು ಅಲ್ಲಿಂದಲೇ ಆರಂಭಿಸಬಹುದು.