ಕುಡಿತ ಬಿಟ್ಟ ಮೇಲಿನ ಸಂಜೆಗಳಿಗೆ ಒಂದು ಜಾಗ: ಎಎ ಮೀಟಿಂಗ್ ಬಗ್ಗೆ ನನ್ನ ಅಭಿಪ್ರಾಯ

ಕುಡಿತ ಬಿಡಿಸುವ ಆಸ್ಪತ್ರೆಗಳ ಬಗ್ಗೆ ರಿವ್ಯೂ ಬೇಕಾದಷ್ಟು ಸಿಗುತ್ತವೆ. ಬಿಟ್ಟ ಮೇಲೆ ಎಲ್ಲಿಗೆ ಹೋಗಬೇಕು ಅಂತ ಬರೆದವರು ಕಡಿಮೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದವನಿಗೆ ಬೆಳಗಿನ ಹೊತ್ತು ಹೇಗೋ ಕಳೆದುಹೋಗುತ್ತದೆ. ಕಷ್ಟ ಶುರುವಾಗುವುದು ಸಂಜೆ ಆರರ ಮೇಲೆ. ಕೈಯಲ್ಲಿ ಕೆಲಸ ಇರುವುದಿಲ್ಲ, ಹಳೇ ಗೆಳೆಯರ ಫೋನ್ ಬರುತ್ತದೆ, ಮನೆಯವರು ಏನೂ ಕೇಳದೆ ಸುಮ್ನೆ ಮುಖ ನೋಡುತ್ತಿರುತ್ತಾರೆ. ಆ ಹೊತ್ತಿಗೆ ಹೋಗಿ ಕೂರಲು ಒಂದು ಜಾಗ ಬೇಕು. ನನಗೆ ಸಿಕ್ಕಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಕೂಟ. ಎಲ್ಲರೂ ಎಎ ಅಂತಲೇ ಕರೆಯುತ್ತಾರೆ. ಬೆಂಗಳೂರಿನ ಒಂದು ಕನ್ನಡ ಮೀಟಿಂಗ್‌ಗೆ ಕೆಲವು ವರ್ಷಗಳಿಂದ ಹೋಗುತ್ತಿದ್ದೇನೆ. ಯಾವ ಗುಂಪು, ಯಾವ ಏರಿಯಾ ಅಂತ ಬರೆಯುವುದಿಲ್ಲ. ಬರುವವರ ಗುರುತನ್ನು ಹೊರಗೆ ಹೇಳದಿರುವುದು ಅಲ್ಲಿನ ಮುಖ್ಯ ಕಟ್ಟುಪಾಡು, ಅದನ್ನು ನಾನೂ ಪಾಲಿಸುತ್ತೇನೆ.

ಮೊದಲು ದುಡ್ಡಿನ ವಿಷಯ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಫೀಸ್ ಇಲ್ಲ. ಸದಸ್ಯತ್ವದ ಚಂದಾ ಇಲ್ಲ. ಅರ್ಜಿ ತುಂಬುವುದಿಲ್ಲ, ಆಧಾರ್ ಕೇಳುವುದಿಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಒಂದಿದ್ದರೆ ನೀವು ಸದಸ್ಯರು, ಅಷ್ಟೇ. ಮೀಟಿಂಗ್ ನಡುವೆ ಒಂದು ಚೀಲವೋ ಡಬ್ಬಿಯೋ ಕೈಯಿಂದ ಕೈಗೆ ಹೋಗುತ್ತದೆ. ಇದ್ದವರು ಹತ್ತಿಪ್ಪತ್ತು ರೂಪಾಯಿ ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ಕೊಡುತ್ತಾರೆ. ಹೊಸಬರಿಗೆ ಹಾಕಬೇಡಿ ಅಂತಲೇ ಹೇಳುತ್ತಾರೆ. ಬಾಡಿಗೆ, ಚಹಾ, ಪುಸ್ತಕ ಎಲ್ಲ ಆ ದುಡ್ಡಿನಲ್ಲೇ ಆಗಬೇಕು. ಹೊರಗಿನವರು ದೊಡ್ಡ ದೇಣಿಗೆ ಕೊಡಲು ಬಂದರೂ ಎಎ ತೆಗೆದುಕೊಳ್ಳುವುದಿಲ್ಲ. ಸರ್ಕಾರದ್ದೂ ಬೇಡ, ಕಂಪನಿಗಳದ್ದೂ ಬೇಡ. ಇದು ನನಗೆ ತುಂಬಾ ಹಿಡಿಸಿದ ಸಂಗತಿ. ನಿಮ್ಮ ಕಷ್ಟವನ್ನು ಇಟ್ಟುಕೊಂಡು ಯಾರೂ ಅಲ್ಲಿ ಹಣ ಮಾಡುತ್ತಿಲ್ಲ.

ಮೀಟಿಂಗ್ ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ. ಶಾಲೆಯ ಕೋಣೆ, ಚರ್ಚಿನ ಹಾಲ್, ಆಸ್ಪತ್ರೆಯ ಮೂಲೆ, ಎಲ್ಲಿ ಜಾಗ ಸಿಗುತ್ತದೋ ಅಲ್ಲಿ. ಒಂದು ನಿಮಿಷ ಮೌನ, ಒಂದು ಸಣ್ಣ ಪ್ರಾರ್ಥನೆ, ಪುಸ್ತಕದಿಂದ ಒಂದು ಪುಟ ಓದು. ಆಮೇಲೆ ಶೇರಿಂಗ್. ಒಬ್ಬೊಬ್ಬರಾಗಿ ಹೆಸರು ಹೇಳಿ, ನಾನೊಬ್ಬ ಆಲ್ಕೊಹಾಲಿಕ್ ಅಂತ ಹೇಳಿ, ತಮ್ಮ ಕಥೆ ಹೇಳುತ್ತಾರೆ. ಮಧ್ಯೆ ಬಾಯಿ ಹಾಕುವಂತಿಲ್ಲ. ಸಲಹೆ ಕೊಡುವಂತಿಲ್ಲ. ಪ್ರಶ್ನೆ ಕೇಳುವಂತಿಲ್ಲ. ನಮ್ಮ ಕಡೆ ಕುಡಿಯುವವನಿಗೆ ಬುದ್ಧಿ ಹೇಳದವರೇ ಇಲ್ಲ ಅಲ್ವಾ? ಹೆಂಡತಿ, ಅಮ್ಮ, ಮಾವ, ಆಫೀಸಿನ ಸಾಹೇಬರು, ಪಕ್ಕದ ಮನೆಯವರು, ಎಲ್ಲರ ಹತ್ತಿರ ಕೇಳಿಸಿಕೊಂಡು ಬಂದವನು ಇಲ್ಲಿ ಮೊದಲ ಸಲ ತನ್ನ ಮಾತನ್ನು ಪೂರ್ತಿ ಮುಗಿಸುತ್ತಾನೆ, ಯಾರೂ ಅವನನ್ನು ತಿದ್ದುವುದಿಲ್ಲ. ಮಾತಾಡಲು ಆಗದಿದ್ದರೆ ಬೇಡ, ಕೂತು ಕೇಳಿದರೆ ಸಾಕು. ಕೊನೆಗೆ ಚಹಾ, ಬಿಸ್ಕತ್ತು. ನಿಜವಾದ ಅರ್ಧ ಮೀಟಿಂಗ್ ನಡೆಯುವುದು ಆ ಚಹಾದ ಹೊತ್ತಿನಲ್ಲಿ. ಫೋನ್ ನಂಬರ್ ಕೈಬದಲಾಗುವುದು ಆಗಲೇ.

ಇದು ಯಾಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದು ಹುಟ್ಟಿದ ರೀತಿಯನ್ನೇ ನೋಡಬೇಕು. 1935ರಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಕೆಲಸದ ಮೇಲೆ ಅಮೆರಿಕದ ಆಕ್ರನ್ ಊರಿಗೆ ಹೋಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋದ ಕೆಲಸ ಕೆಟ್ಟಿತು. ಹೋಟೆಲಿನ ಲಾಬಿಯಲ್ಲಿ ನಿಂತಾಗ ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವರು ಫೋನ್ ಕಡೆ ಹೋದರು. ಚರ್ಚುಗಳ ಪಟ್ಟಿ ಹಿಡಿದು ಒಂದೊಂದಕ್ಕೇ ಫೋನ್ ಮಾಡಿ, ಈ ಊರಿನಲ್ಲಿ ನನ್ನಂಥ ಇನ್ನೊಬ್ಬ ಕುಡುಕ ಇದ್ದರೆ ಅವನ ಜೊತೆ ಮಾತಾಡಬೇಕು ಅಂತ ಕೇಳಿದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಅದೇ ಊರಿನ ಸರ್ಜನ್. ಬಾಬ್ ಕೊನೆಯ ಸಲ ಕುಡಿದದ್ದು ಅಂತ ಹೇಳುವ ಜೂನ್ 10, ಎಎ ಹುಟ್ಟಿದ ದಿನ. ಗಮನಿಸಿ, ಬಿಲ್ ಹೋದದ್ದು ಬಾಬ್ ಅವರನ್ನು ಉದ್ಧಾರ ಮಾಡಲಿಕ್ಕಲ್ಲ, ತಾನು ಕುಡಿಯದೆ ಉಳಿಯಲಿಕ್ಕೆ. ಭಾರತಕ್ಕೆ ಇದು 1957ರಲ್ಲಿ ಬಂತು. ಇವತ್ತಿಗೂ ಒಳಗಿನ ಲೆಕ್ಕ ಅದೇ. ರಾತ್ರಿ ಹನ್ನೊಂದಕ್ಕೆ ನೀವು ಫೋನ್ ಮಾಡಿದರೆ ಆ ಕಡೆಯವರು ನಿಮಗೆ ಉಪಕಾರ ಮಾಡುತ್ತಿಲ್ಲ, ನಿಮ್ಮ ಫೋನು ಅವರನ್ನೂ ಆ ರಾತ್ರಿ ಕಾಪಾಡುತ್ತದೆ. ಇದು ಅರ್ಥವಾದ ಮೇಲೆ ಫೋನ್ ಮಾಡಲು ಸಂಕೋಚ ಆಗುವುದಿಲ್ಲ. ನನ್ನ ಪ್ರಕಾರ ಇಡೀ ಎಎಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ಸ್ಪಾನ್ಸರ್ ಅನ್ನುವ ವ್ಯವಸ್ಥೆ ಇದೇ ಲೆಕ್ಕದಲ್ಲಿ ನಡೆಯುತ್ತದೆ. ಜಾಸ್ತಿ ಕಾಲದಿಂದ ಕುಡಿಯದೆ ಇರುವ ಒಬ್ಬರನ್ನು ನೀವೇ ಆರಿಸಿಕೊಂಡು ಕೇಳಿಕೊಳ್ಳಬೇಕು. ಅವರು ಡಾಕ್ಟರಲ್ಲ, ಗುರುವಲ್ಲ. ನನ್ನ ಸ್ಪಾನ್ಸರನ್ನು ನಾನು ಅಣ್ಣ ಅಂತ ಕರೆಯುತ್ತೇನೆ. ಅವರು ಮಾಡಿದ್ದು ಏನು ಅಂತ ಒಂದು ಉದಾಹರಣೆ ಹೇಳುತ್ತೇನೆ, ಹಳೇ ಮೈಸೂರು ಕಡೆಯವರಿಗೆ ತಕ್ಷಣ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ಮಾರ್ನಮಿಗೆ ಹಿರಿಯರಿಗೆ ಎಡೆ ಇಡುತ್ತಾರೆ. ತಾತನಿಗೆ ಏನೇನು ಇಷ್ಟವೋ ಎಲ್ಲ ಇಡಬೇಕು. ಹೊಸ ಪಂಚೆ, ಮಾಂಸದ ಸಾರು, ಬೀಡಿ, ಜೊತೆಗೆ ಒಂದು ಬ್ರಾಂದಿ ಬಾಟಲಿ. ಪೂಜೆ ಆದ ಮೇಲೆ ಎಡೆಯಲ್ಲಿದ್ದದ್ದನ್ನು ಮನೆಯವರೇ ಹಂಚಿಕೊಳ್ಳುತ್ತಾರೆ. ಬಾಟಲಿ ತರುವುದು, ಇಡುವುದು ನನ್ನ ಪಾಲಿನ ಕೆಲಸ. ಬೇಡ ಅಂದರೆ ಸತ್ತವರಿಗೆ ಅವಮಾನ ಮಾಡಿದ ಹಾಗೆ ಅಂತ ನೆಂಟರು ಅಂದುಕೊಳ್ಳುತ್ತಾರೆ. ತಂದರೆ ವೈನ್‌ಶಾಪಿನ ಕೌಂಟರ್ ಮುಂದೆ ನಾನೇ ನಿಲ್ಲಬೇಕು. ಅಣ್ಣನಿಗೆ ಹೇಳಿದೆ. ಅವರು ದೇವರ ಮಾತೂ ಆಡಲಿಲ್ಲ, ಧೈರ್ಯದ ಮಾತೂ ಆಡಲಿಲ್ಲ. "ಹಬ್ಬದ ಬೆಳಗ್ಗೆ ಹೇಳಬೇಡ, ಇವತ್ತೇ ನಿಮ್ಮ ದೊಡ್ಡಪ್ಪನಿಗೆ ಫೋನ್ ಮಾಡು. ಬಾಟಲಿ ಇಡಬೇಡಿ ಅಂತ ಕೇಳಬೇಡ, ನನ್ನ ಕೈಯಲ್ಲಿ ತರಿಸಬೇಡಿ ಅಂತ ಮಾತ್ರ ಕೇಳು. ಎಡೆ ತೆಗೆಯುವ ಹೊತ್ತಿಗೆ ನಾನು ಫೋನ್ ಮಾಡ್ತೀನಿ, ನೀನು ಎದ್ದು ಹೊರಗೆ ಬಾ" ಅಂದರು. ದೊಡ್ಡಪ್ಪ ಒಂದು ಕ್ಷಣ ಸುಮ್ಮನಿದ್ದು, "ಅದು ನನಗೆ ಬಿಡು, ನೀನು ಊಟಕ್ಕೆ ಬಾ ಸಾಕು" ಅಂದರು. ಹಬ್ಬದ ದಿನ ಸರಿಯಾದ ಹೊತ್ತಿಗೆ ಫೋನ್ ಬಂತು. ಕೊಟ್ಟಿಗೆಯ ಹತ್ತಿರ ನಿಂತು ಮಳೆ, ಬೆಳೆ, ಅವರ ಮಗಳ ಕಾಲೇಜು, ಎಲ್ಲ ಮಾತಾಡಿದೆವು. ಒಳಗೆ ಬರುವಷ್ಟರಲ್ಲಿ ಊಟಕ್ಕೆ ಎಲೆ ಹಾಕಿದ್ದರು.

ಇಂಥ ಬುದ್ಧಿ ಪುಸ್ತಕದಲ್ಲಿ ಇರುವುದಿಲ್ಲ. ಅದೇ ದಾರಿಯಲ್ಲಿ ನಡೆದವರಿಗೆ ಮಾತ್ರ ಗೊತ್ತಿರುತ್ತದೆ. ಯುಗಾದಿ ಮಾರನೆಯ ಹೊಸತೊಡಕು, ಮದುವೆಯ ಹಿಂದಿನ ರಾತ್ರಿ, ಜಾತ್ರೆಯ ಬಾಡೂಟ, ಸಂಬಳದ ದಿನ, ಇವೆಲ್ಲ ಬರುವ ಮೊದಲೇ ನಮ್ಮ ಗುಂಪಿನಲ್ಲಿ ಮಾತಾಗುತ್ತದೆ. ಎಷ್ಟು ಹೊತ್ತಿಗೆ ಹೋಗುತ್ತೀಯ, ಯಾರ ಜೊತೆ ಕೂರುತ್ತೀಯ, ವಾಪಸ್ ಬರಲು ಗಾಡಿ ಇದೆಯಾ. ಹಸಿವು, ಕೋಪ, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದಿದ್ದರೂ ಮೊದಲು ಅದನ್ನು ನೋಡಿಕೋ ಅನ್ನುವುದು ಎಎಯವರ ಹಳೇ ಮಾತು. ಎಷ್ಟೋ ಸಲ ಎರಡು ಇಡ್ಲಿ ತಿಂದರೆ ಕುಡಿಯುವ ಆಸೆ ಇಳಿದುಹೋಗುತ್ತದೆ, ನಂಬಿ.

ದೇವರ ವಿಷಯ ಹೇಳಲೇಬೇಕು. ಕುಡಿಯದೆ ಬದುಕಲು ಎಎ ಹಾಕಿಕೊಟ್ಟ ದಾರಿಗೆ ಹನ್ನೆರಡು ಹೆಜ್ಜೆಗಳು ಅನ್ನುತ್ತಾರೆ, ಅದರಲ್ಲಿ ದೇವರ ಮಾತು ಬರುತ್ತದೆ. ನಾವು ಅರ್ಥ ಮಾಡಿಕೊಂಡಂಥ ದೇವರು ಅಂತ ಬಿಟ್ಟಿದ್ದಾರೆ, ಹೀಗಾಗಿ ಒಬ್ಬರಿಗೆ ಮಂಜುನಾಥ, ಒಬ್ಬರಿಗೆ ಏಸು, ಒಬ್ಬರಿಗೆ ಅಲ್ಲಾ, ಇನ್ನೊಬ್ಬರಿಗೆ ಆ ಕೋಣೆಯಲ್ಲಿ ಕೂತ ಜನವೇ. ನನಗೆ ಇದು ಅಡ್ಡಿ ಆಗಲಿಲ್ಲ. ಆದರೆ ನಂಬಿಕೆ ಇಲ್ಲದವರಿಗೆ ಮೊದಲ ವಾರಗಳಲ್ಲಿ ಇರುಸುಮುರುಸು ಆಗುತ್ತದೆ. ಓದುವ ಕನ್ನಡವೂ ಸ್ವಲ್ಪ ಗಟ್ಟಿ, ಬಾಯಲ್ಲಿ ಸಲೀಸಾಗಿ ಬರುವುದಿಲ್ಲ. ಎರಡನ್ನೂ ದಾಟಿ ಶೇರಿಂಗ್ ತನಕ ಕೂರಿ ಅಂತ ಹೇಳುತ್ತೇನೆ. ಗುಂಪಿನಿಂದ ಗುಂಪಿಗೆ ವಾತಾವರಣ ಬೇರೆ. ಒಂದು ಹೊಂದದಿದ್ದರೆ ಇನ್ನೊಂದಕ್ಕೆ ಹೋಗಿ, ಯಾರೂ ಯಾಕೆ ಅಂತ ಕೇಳುವುದಿಲ್ಲ.

ಹಳ್ಳಿಯಲ್ಲಿರುವವರಿಗೆ ಇನ್ನೊಂದು ದಾರಿ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಎಂಟು ದಿನ ಅಲ್ಲೇ ಇರಬೇಕು. ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಮಾಡಿಕೊಳ್ಳುತ್ತಾರೆ, ನೂರು ದಿನ ಆದಾಗ ಶತದಿನೋತ್ಸವ ಅಂತ ನಡೆಯುತ್ತದೆ. ಎಎಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಇಡೀ ಊರಿನ ಮುಂದೆ ಬಿಡುತ್ತೀರಿ, ಹೆಂಡತಿ ಮಕ್ಕಳು ವೇದಿಕೆಯ ಹತ್ತಿರವೇ ಇರುತ್ತಾರೆ. ಎಎಯಲ್ಲಿ ಯಾರಿಗೂ ಗೊತ್ತಾಗದೆ ಬಿಡುತ್ತೀರಿ. ಊರಿನ ಕಣ್ಣು ಮೇಲಿದ್ದರೇ ಗಟ್ಟಿ ನಿಲ್ಲುವವರು ಇದ್ದಾರೆ, ಆ ಕಣ್ಣಿಗೆ ಹೆದರಿ ಮತ್ತೆ ಕುಡಿಯುವವರೂ ಇದ್ದಾರೆ. ನೀವು ಯಾರು ಅನ್ನುವುದು ನಿಮಗೇ ಗೊತ್ತು. ನನಗೆ ಎಎ ಹೊಂದಿತು. ನಗರದಲ್ಲಿ ಕೆಲಸ ಮಾಡುವವರಿಗೆ, ಆಫೀಸಿನಲ್ಲಿ ಗೊತ್ತಾಗಬಾರದು ಅನ್ನುವವರಿಗೆ ಅದೇ ವಾಸಿ.

ಈಗ ಎಚ್ಚರಿಕೆ, ದಯವಿಟ್ಟು ಇದನ್ನು ಹಾರಿಸಬೇಡಿ. ಎಎ ಆಸ್ಪತ್ರೆ ಅಲ್ಲ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಎರಡು ಮೂರು ದಿನಕ್ಕೆ ಇಲ್ಲದ್ದೆಲ್ಲ ಕಾಣಿಸುತ್ತದೆ, ಜೀವವೇ ಹೋಗಬಹುದು. ಮೊದಲು ಡಾಕ್ಟರ್, ಆಮೇಲೆ ಮೀಟಿಂಗ್. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಮಾತ್ರೆ ಕೊಟ್ಟಿದ್ದರೆ ತಪ್ಪದೆ ತೆಗೆದುಕೊಳ್ಳಿ. ಯಾವ ಗುಂಪಿನಲ್ಲಾದರೂ ಯಾರಾದರೂ ಮಾತ್ರೆ ಬಿಟ್ಟುಬಿಡು ಅಂದರೆ ಕೇಳಬೇಡಿ. ಸದಸ್ಯರು ಡಾಕ್ಟರ್ ಆಗಬಾರದು ಅಂತ ಎಎಯ ಸ್ವಂತ ಕಿರುಪುಸ್ತಕವೇ ಹೇಳುತ್ತದೆ. ಇನ್ನೊಂದು, ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಔಷಧಿ ಬೆರೆಸಿ ಕುಡಿತ ಬಿಡಿಸಿ ಅನ್ನುವ ಜಾಹೀರಾತು ಗೋಡೆ ಗೋಡೆಯ ಮೇಲೆ ಇರುತ್ತದೆ. ಅಮ್ಮಂದಿರೇ, ಅಕ್ಕಂದಿರೇ, ದಯವಿಟ್ಟು ಬೇಡ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅನ್ನುವ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿಯುವುದು ಎಲ್ಲ ಆಗುತ್ತದೆ. ಅದನ್ನು ಗೊತ್ತಿದ್ದು, ಒಪ್ಪಿ, ಡಾಕ್ಟರ್ ನಿಗಾದಲ್ಲೇ ತೆಗೆದುಕೊಳ್ಳಬೇಕು. ಕದ್ದು ಕೊಟ್ಟರೆ ಪ್ರಾಣಕ್ಕೇ ಅಪಾಯ.

ಇದೆಲ್ಲ ಬರೀ ನಂಬಿಕೆಯಾ, ಪುರಾವೆ ಇದೆಯಾ ಅಂತ ಕೇಳುವವರಿಗೆ: ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಎಎಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಹೊತ್ತಿಗೆ ಪೂರ್ತಿ ಕುಡಿಯದೆ ಇದ್ದವರು ನೂರಕ್ಕೆ 42, ಬೇರೆ ಚಿಕಿತ್ಸೆಗಳಲ್ಲಿ 35. ಚಿಕ್ಕ ವ್ಯತ್ಯಾಸ ಅನಿಸಬಹುದು. ಆ ಏಳು ಜನರ ಮನೆಯವರನ್ನು ಕೇಳಿ. ಉಳಿದ 58 ಜನರ ಮಾತನ್ನೂ ಮುಚ್ಚಿಡಬಾರದು. ಸ್ಲಿಪ್, ಅಂದರೆ ಬಿಟ್ಟವರು ಮತ್ತೆ ಕುಡಿಯುವುದು, ಆಗುತ್ತದೆ, ಬಹಳ ಜನಕ್ಕೆ ಆಗುತ್ತದೆ. ನಮ್ಮ ಗುಂಪಿನಲ್ಲಿ ಸ್ಲಿಪ್ ಆದವರು ಬಾಗಿಲಲ್ಲಿ ನಿಂತರೆ ಕುರ್ಚಿ ಎಳೆದು ಕೊಡುತ್ತಾರೆ, ಚಹಾ ಕೊಡುತ್ತಾರೆ. ಎಷ್ಟು ಕುಡಿದೆ, ಯಾಕೆ ಕುಡಿದೆ ಅಂತ ಲೆಕ್ಕ ಕೇಳುವುದಿಲ್ಲ. ಅವಮಾನಕ್ಕೆ ಹೆದರಿ ಮನೆಯಲ್ಲೇ ಉಳಿದವರು ಇದನ್ನು ಓದುತ್ತಿದ್ದರೆ, ಇವತ್ತಿನ ಮೀಟಿಂಗ್‌ಗೇ ಹೋಗಿ.

ಕೊರತೆ ಅಂದರೆ ಹೆಣ್ಣುಮಕ್ಕಳ ವಿಷಯ. ಗಂಡಸರೇ ತುಂಬಿದ ಕೋಣೆಗೆ ಒಬ್ಬ ಹೆಂಗಸು ಒಂಟಿಯಾಗಿ ಬಂದು ನಾನೂ ಕುಡಿಯುತ್ತಿದ್ದೆ ಅಂತ ಹೇಳುವುದು ನಮ್ಮ ಸಮಾಜದಲ್ಲಿ ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ. ಹೆಂಗಸರಿಗೇ ಅಂತ ಮೀಟಿಂಗ್‌ಗಳು, ಅದೂ ಕನ್ನಡದಲ್ಲಿ, ಜಾಸ್ತಿ ಆಗಬೇಕು. ಆನ್‌ಲೈನ್ ಮೀಟಿಂಗ್ ಬಂದ ಮೇಲೆ ಮನೆಯಿಂದಲೇ ಸೇರಬಹುದು, ಕ್ಯಾಮೆರಾ ಆಫ್ ಮಾಡಿಕೊಂಡೂ ಕೂರಬಹುದು, ಅದು ಸ್ವಲ್ಪ ಸಮಾಧಾನ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಆ ಅರ್ಧ ಇದಕ್ಕೇ ಕಡಿಮೆ.

ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯೇ ಕೂಟ ಇದೆ, 1951ರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಮತ್ತು ಅವರ ಗೆಳತಿ ಶುರು ಮಾಡಿದ್ದು. ಗಂಡ ಬಿಟ್ಟರೂ ಬಿಡದಿದ್ದರೂ ಹೆಂಡತಿ ಹೋಗಬಹುದು. ಅವನ ಕುಡಿತಕ್ಕೆ ನೀನು ಕಾರಣ ಅಲ್ಲ, ಅದನ್ನು ಹಿಡಿದು ನಿಲ್ಲಿಸಲು ನಿನ್ನಿಂದ ಆಗುವುದಿಲ್ಲ, ವಾಸಿ ಮಾಡಲೂ ಆಗುವುದಿಲ್ಲ ಅಂತ ಅಲ್ಲಿ ಹೇಳುತ್ತಾರೆ. ನನ್ನ ಹೆಂಡತಿ ಅಲ್ಲಿಗೆ ಹೋಗಲು ಶುರು ಮಾಡಿದ ಮೇಲೆ ನಾನು ಮನೆಗೆ ಬಂದಾಗ ಬಾಯಿ ವಾಸನೆ ನೋಡುವುದನ್ನು ಬಿಟ್ಟಳು. ಅವಳ ನಿದ್ದೆ ಸರಿಹೋಯಿತು.

ಹೋಗುವವರಿಗೆ ಕೊನೆಯದಾಗಿ: ಎಎಯ ಭಾರತದ ವೆಬ್‌ಸೈಟಿನಲ್ಲಿ ಊರಿನ ಪ್ರಕಾರ ಮೀಟಿಂಗ್ ಮತ್ತು ಫೋನ್ ನಂಬರ್ ಸಿಗುತ್ತದೆ. ಓಪನ್ ಮೀಟಿಂಗ್ ಅಂತ ಇದ್ದರೆ ಮನೆಯವರನ್ನೂ ಕರೆದುಕೊಂಡು ಹೋಗಬಹುದು, ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರು ಮಾತ್ರ. ಮೀಟಿಂಗ್ ಇಲ್ಲದ ಊರಾದರೆ ಸರ್ಕಾರದ ವ್ಯಸನ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎರಡೂ ಉಚಿತ, ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಹತ್ತು ನಿಮಿಷ ಮುಂಚೆ ಹೋಗಿ, ಕುರ್ಚಿ ಹಾಕುತ್ತಿರುವವರಿಗೆ ಹೊಸಬ ಅಂತ ಹೇಳಿ. ಹೊರಡುವ ಮುಂಚೆ ಕನಿಷ್ಠ ಇಬ್ಬರ ನಂಬರ್ ಕೇಳಿ ತೆಗೆದುಕೊಳ್ಳಿ, ಒಬ್ಬರು ಎತ್ತದಿದ್ದರೆ ಇನ್ನೊಬ್ಬರು ಬೇಕಾಗುತ್ತದೆ. ಅದೇ ರಾತ್ರಿ ಮಲಗುವ ಮುಂಚೆ ಒಬ್ಬರಿಗೆ ಫೋನ್ ಮಾಡಿ, ಹೇಳಲು ಏನೂ ಇಲ್ಲದಿದ್ದರೂ ಪರವಾಗಿಲ್ಲ.